‘ಕ್ರೂರವಾಗಿ’ ಒಂದೇ ಪದ ಸಾಲದು

ಧಾರವಾಡದ ಕಡೆಯ ಹೆಣ್ಣುಮಗಳೊಬ್ಬರು ಪಕ್ಕದ ಹೊಲದವನ ಮೇಲೆ ಕೊಟ್ಟ ದೂರು ಅದು. “ನಮ್ಮ ಬೋರಿಗೆ ನೀರು ಬಿದ್ದಾವಂತ ಹೊಟ್ಟಿಕಿಚ್ಚಿಗೆ ನಮ್ಮ ಕರದ ಮ್ಯಾಲೆ ಕುದಿಯೋ ನೀರು ಉಗ್ಗ್ಯಾನ್ರೀ.” ಕೇಸು ಹೈಕೋರ್ಟಿಗೆ ಬಂದಿತ್ತು. ಅಲ್ಲಿ ಕಲಾಪವೆಲ್ಲ ಇಂಗ್ಲಿಷಿನಲ್ಲಿ, ಹಾಗಾಗಿ ಹೇಳಿಕೆಯ ಅನುವಾದ ನನ್ನ ಮೇಜಿಗೆ ಬಂತು. ನಾನಾಗ ಈ ಕೆಲಸಕ್ಕೆ ಹೊಸಬ. ಕಾಗದದ ಜೊತೆ ಕರುವಿನ ಬೆನ್ನಿನ ಚರ್ಮ ಸುಲಿದಿದ್ದ ಫೋಟೋ ಇತ್ತು. ಅದನ್ನು ನೋಡಿದವನಿಗೆ ಮೊದಲು ಹೊಳೆದದ್ದು ‘ಕ್ರೂಯೆಲಿ’. ಅದನ್ನೇ ಬರೆದೆ.

ಕರಡು ಓದಿದ ಹಿರಿಯ ವಕೀಲರು ಆ ಪದದ ಕೆಳಗೆ ಗೆರೆ ಎಳೆದು ಕೇಳಿದರು: “ಅವ್ರು ಹೊಟ್ಟಿಕಿಚ್ಚು ಅಂದಾರ. ಅದೆಲ್ಲಿ ಹೋತ್ರೀ?”

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. ಕನ್ನಡದಲ್ಲಿ ಕೆಟ್ಟ ಕೆಲಸವನ್ನು ಹೇಳೋಕೆ ಎರಡು ದಾರಿ ಇವೆ. ‘ಕ್ರೂರವಾಗಿ’, ‘ಬರ್ಬರವಾಗಿ’, ‘ಅಮಾನುಷವಾಗಿ’ ಅಂದರೆ ನೋಡಿದವರ ಕಣ್ಣಿಗೆ ಅದು ಹೇಗೆ ಕಂಡಿತು ಅಂತ ಹೇಳಿದಂತೆ. ‘ದ್ವೇಷದಿಂದ’, ‘ಸೇಡಿಗೆ’, ‘ಹಟಕ್ಕೆ’, ‘ಹೊಟ್ಟೆಕಿಚ್ಚಿಗೆ’ ಅಂದರೆ ಅದು ಎಲ್ಲಿಂದ ಹುಟ್ಟಿತು ಅಂತ ಹೇಳಿದಂತೆ. ನಮ್ಮ ‘ಆಗಿ’ಗೂ ‘ಇಂದ’, ‘ಗೆ’ಗೂ ಇರುವ ಈ ವ್ಯತ್ಯಾಸ ಇಂಗ್ಲಿಷಿನ ಪದದ ಮೇಲೆ ಕಾಣಿಸುವುದಿಲ್ಲ. ಅಲ್ಲಿ ಎಲ್ಲದಕ್ಕೂ ಒಂದೇ ಬಾಲ, ‘ಲಿ’. ‘ಬ್ರೂಟಲಿ’ ಅಂದರೆ ಕಂಡ ರೀತಿ. ‘ಸ್ಪೈಟ್‌ಫುಲಿ’ ಅಂದರೆ ಒಳಗಿನ ಕಿಚ್ಚು. ಬಾಲ ಒಂದೇ ಅಂತ ಸುಮ್ನೆ ಎಲ್ಲವನ್ನೂ ‘ಕ್ರೂರವಾಗಿ’ ಮಾಡಿಬಿಟ್ಟರೆ ಹೇಳಿದವರ ಮಾತೇ ಕಳೆದುಹೋಗುತ್ತದೆ.

ಇನ್ನು ‘ಕ್ಯಾಲಸ್ಲಿ’. ಅದರ ಲ್ಯಾಟಿನ್ ಬೇರಿನಲ್ಲಿ ಇರುವುದು ಗಟ್ಟಿಯಾದ ಚರ್ಮ. ನಮ್ಮಲ್ಲೂ ಸಲಿಕೆ ಹಿಡಿದ ಕೈ ಜಡ್ಡುಗಟ್ಟುತ್ತದೆ, ಮನಸ್ಸೂ ಜಡ್ಡುಗಟ್ಟುತ್ತದೆ. ಇಲ್ಲಿ ದ್ವೇಷ ಇಲ್ಲ. ಎದುರಿನವರ ನೋವು ತಾಗುವುದೇ ಇಲ್ಲ, ಅಷ್ಟೆ. ಗಾಯಾಳುವನ್ನು ರಸ್ತೆಯಲ್ಲೇ ಬಿಟ್ಟು ಹೋದ ಚಾಲಕನ ಬಗ್ಗೆ ಬರೆಯುವಾಗ ನಾನು ‘ನಿರ್ದಯವಾಗಿ’ ಅನ್ನುವುದಿಲ್ಲ, ‘ಏನೂ ಅನ್ನಿಸದವನಂತೆ’ ಅನ್ನುತ್ತೇನೆ. ಒಂದು ಪದಕ್ಕೆ ಎರಡು ಪದ ಆದರೂ ಪರವಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ‘ಮಲಿಷಸ್ಲಿ’. ಮಾತಿನಲ್ಲಿ ಅದು ಹಗೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಬೇರೆಯೇ. 1957ರಲ್ಲಿ ಕನ್ನಿಂಗ್‌ಹ್ಯಾಮ್ ಎಂಬವನ ಕೇಸು ಮೇಲ್ಮನವಿಗೆ ಬಂತು. ಆಗ ಅಲ್ಲಿ ಕಾಸು ಹಾಕಿದರೆ ಗ್ಯಾಸ್ ಬಿಡುವ ಮೀಟರ್‌ಗಳಿದ್ದವು. ಒಳಗಿದ್ದ ಕಾಸಿನ ಆಸೆಗೆ ಅವನು ಖಾಲಿ ಮನೆಯೊಂದರ ಮೀಟರನ್ನೇ ಕಿತ್ತಿದ್ದ. ಸೋರಿದ ಗ್ಯಾಸ್ ಗೋಡೆಯ ಸಂದಿನಿಂದ ಪಕ್ಕದ ಮನೆಗೆ ನುಗ್ಗಿ, ಮಲಗಿದ್ದ ಹೆಂಗಸಿನ ಜೀವಕ್ಕೇ ಅಪಾಯವಾಯಿತು. ‘ಮಲಿಷಸ್ಲಿ’ ವಿಷ ಕೊಟ್ಟ ಅಂತ 1861ರ ಕಾಯ್ದೆಯಡಿ ಆರೋಪ ಬಂತು. ವಿಚಾರಣೆಯ ನ್ಯಾಯಾಧೀಶರು ಜ್ಯೂರಿಗೆ ಆ ಪದದ ಅರ್ಥ ‘ಕೆಟ್ಟತನ’ ಅಂತ ಹೇಳಿಬಿಟ್ಟರು. ಮೇಲ್ಮನವಿಯ ಕೋರ್ಟು ಒಪ್ಪಲಿಲ್ಲ. ಮೀಟರ್ ಕದ್ದದ್ದು ಕೆಟ್ಟದ್ದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಆದರೆ ಆ ಹಾನಿ ಆಗಲಿ ಅಂತ ಅವನು ಬಯಸಿದ್ದನಾ? ಆಗಬಹುದು ಅಂತ ಗೊತ್ತಿದ್ದೂ ಮುಂದುವರಿದನಾ? ಜ್ಯೂರಿ ಕೇಳಬೇಕಿದ್ದ ಪ್ರಶ್ನೆ ಅದು. ಆ ಶಿಕ್ಷೆ ರದ್ದಾಯಿತು. ಇಂಥ ಕಡೆ ‘ದ್ವೇಷದಿಂದ’ ಅಂತ ಅನುವಾದಿಸಿದರೆ ಕಾನೂನು ಕೇಳದ ಹಗೆಯನ್ನು ನಾವೇ ತುರುಕಿದಂತೆ, ಅಲ್ವಾ?

ನಮ್ಮ ಹಳೆಯ ದಂಡ ಸಂಹಿತೆಯಲ್ಲೂ ಇಂಥದ್ದೇ ಒಂದು ಜೋಡಿ ಇತ್ತು. ಜೀವಕ್ಕೆ ಅಪಾಯ ತರುವ ರೋಗ ಹರಡಬಹುದಾದ ಕೆಲಸವನ್ನು ‘ನೆಗ್ಲಿಜೆಂಟ್ಲಿ’ ಮಾಡಿದರೆ 269ನೇ ಕಲಂ, 6 ತಿಂಗಳವರೆಗೆ ಜೈಲು. ‘ಮಲಿಗ್ನಂಟ್ಲಿ’ ಮಾಡಿದರೆ 270, 2 ವರ್ಷದವರೆಗೆ. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 271 ಮತ್ತು 272. ಕೆಲಸ ಅದೇ, ರೋಗವೂ ಅದೇ. ಮೊದಲನೆಯದು ಅಜಾಗರೂಕತೆ, ಎರಡನೆಯದು ಕೇಡು ಬಯಸುವ ಮನಸ್ಸು. ನಡುವಿನ ಒಂದೂವರೆ ವರ್ಷ ನಿಂತಿರುವುದು ಒಂದು ಪದದ ಮೇಲೆ. ಇದನ್ನು ಅನುವಾದಿಸುವಾಗ ನನ್ನ ಕೈ ತಾನಾಗಿಯೇ ನಿಧಾನವಾಗುತ್ತದೆ.

ಕರುವಿನ ಕಾಗದಕ್ಕೆ ಆವತ್ತು ಮತ್ತೆ ಕೂತೆ. ‘ಸ್ಪೈಟ್‌ಫುಲಿ’ ಬರೆದು ನೋಡಿದೆ, ಸರಿಹೋಗಲಿಲ್ಲ. ಆಕೆ ‘ಕಿಚ್ಚಿಗೆ’ ಅಂದಿದ್ದರು. ಕೊನೆಗೆ ‘ಔಟ್ ಆಫ್ ಸ್ಪೈಟ್’ ಅಂತ ಮಾಡಿದೆ. ಅಲ್ಲಿನ ‘ಔಟ್ ಆಫ್’ ನಮ್ಮ ‘ಗೆ’ ಮಾಡುವ ಕೆಲಸವನ್ನೇ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಕುದಿಯುವ ನೀರು ಅಂತ ಇತ್ತು, ಕರು ಅಂತ ಇತ್ತು. ‘ಕ್ರೂಯೆಲಿ’ ಬೇಕಾಗಲೇ ಇಲ್ಲ.