ಮಿಡತೆ ತಿಂದದ್ದರಲ್ಲಿ ಕಪ್ಪೆಗೆ ಸಿಕ್ಕಿದ್ದೆಷ್ಟು?

ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ಶಾಲೆಯಲ್ಲಿ ಈ ಆಹಾರ ಸರಪಳಿಯ ಚಿತ್ರ ಬಿಡಿಸದವರು ಯಾರಿದ್ದಾರೆ? ಆದರೆ ಆ ಚಿತ್ರದಲ್ಲಿ ಬಾಣಗಳೆಲ್ಲ ಒಂದೇ ದಪ್ಪ ಇರುತ್ತವೆ. ನನ್ನ ತಕರಾರು ಇರುವುದೇ ಅಲ್ಲಿ. ದಾಟುವ ಶಕ್ತಿಯ ಲೆಕ್ಕದಲ್ಲಿ ಮಿಡತೆಗೆ ಹೋಗುವ ಬಾಣ ಹಗ್ಗದಷ್ಟು ದಪ್ಪ ಇದ್ದರೆ, ಹದ್ದಿಗೆ ಹೋಗುವುದು ಜೇಡರ ಎಳೆಯಷ್ಟು ತೆಳು ಇರಬೇಕು.

ಎಲೆಯ ಮೇಲೆ ಬೀಳುವ ಬಿಸಿಲಿನಲ್ಲಿ ಗಿಡ ಹಿಡಿದಿಟ್ಟುಕೊಳ್ಳುವುದು ಸಾಮಾನ್ಯವಾಗಿ ಶೇ. 1ರ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಗಿಡದ ಸ್ವಂತ ಉಸಿರಾಟಕ್ಕೇ ಬೇಕು. ಉಳಿದದ್ದು ಎಲೆ, ಬೇರು, ಬೀಜವಾಗುತ್ತದೆ. ಹೆಚ್ಚುಕಡಿಮೆ ಎಲ್ಲ ಪ್ರಾಣಿಗಳೂ ಬದುಕುವುದು ಈ ಉಳಿಕೆಯ ಮೇಲೆ.

ಈಗ ಮಿಡತೆಯ ಜಮಾ-ಖರ್ಚು ನೋಡೋಣ. ಅದು ಹುಲ್ಲನ್ನೆಲ್ಲ ತಿನ್ನುವುದಿಲ್ಲ. ಬೇರು ಮಣ್ಣಲ್ಲೇ ಉಳಿಯುತ್ತದೆ, ಒಣಗಿದ್ದು ಉದುರಿಹೋಗುತ್ತದೆ. ತಿಂದದ್ದರಲ್ಲೂ ನಾರು ಜಾಸ್ತಿ. ಅರಗದೆ ಹಿಕ್ಕೆಯಾಗಿ ಹೊರಬರುತ್ತದೆ. ಅರಗಿದ್ದರಲ್ಲಿ ಜಿಗಿಯಲು, ಉಸಿರಾಡಲು, ಸವೆದ ಮೈಯನ್ನು ಸರಿಮಾಡಿಕೊಳ್ಳಲು ಖರ್ಚು. ಆ ಖರ್ಚೆಲ್ಲ ಕೊನೆಗೆ ಶಾಖವಾಗಿ ಸುತ್ತಲಿನ ಗಾಳಿಗೆ ಸೇರುತ್ತದೆ. ಶಾಖವನ್ನು ಯಾವ ಜೀವಿಯೂ ತಿಂದು ಬದುಕಲಾರದು. ಮಿಡತೆಯ ಮೈಯಾಗಿ, ಮೊಟ್ಟೆಯಾಗಿ ಉಳಿದದ್ದಷ್ಟೇ ಕಪ್ಪೆಗೆ ಸಿಗಬಹುದಾದ ಪಾಲು.

ಹೀಗೆ ಪ್ರತಿ ಹಂತದಲ್ಲೂ ಸುಮಾರು ಶೇ. 10ರಷ್ಟು ಶಕ್ತಿ ಮಾತ್ರ ಮುಂದಕ್ಕೆ ದಾಟುತ್ತದೆ ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಇದನ್ನು ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಹೆಸರಿನಲ್ಲಿ 'ನಿಯಮ' ಎಂದು ಕರೆಯುವುದೂ ಉಂಟು. ಆದರೆ ಅವರು ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಬೇರೆಯೇ. ಸಸ್ಯಗಳಿಂದ ಅವನ್ನು ತಿನ್ನುವವಕ್ಕೆ ಶೇ. 13.3, ಅಲ್ಲಿಂದ ಮುಂದಿನ ಹಂತಕ್ಕೆ ಶೇ. 22.3. ಹತ್ತು ಎಂಬುದು ನೆನಪಿಡಲು ಸುಲಭವಾದ ಅಂದಾಜು, ಅಷ್ಟೇ. ಅವರ ಈ ಪ್ರಬಂಧವನ್ನು ಮೊದಲು ಪರಿಶೀಲಕರು ಒಪ್ಪಿರಲಿಲ್ಲ. 1942ರಲ್ಲಿ ಅದು ಅಚ್ಚಾಗುವ ಕೆಲವೇ ತಿಂಗಳ ಮೊದಲು ಲಿಂಡೆಮನ್ ತೀರಿಕೊಂಡರು. ಆಗ ಅವರಿಗೆ ಬರೀ 26 ವರ್ಷ. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಉಳಿದ ಶೇ. 90 'ವ್ಯರ್ಥ' ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಾಗದು. ಶಾಖವಾಗಿ ಹೋದದ್ದು ಮಿಡತೆಯ ಬದುಕೇ ಅಲ್ವಾ? ತಿನ್ನದೆ ಬಿಟ್ಟ ಎಲೆ, ಬೇರು, ಹಿಕ್ಕೆಯನ್ನು ಶಿಲೀಂಧ್ರ, ಬ್ಯಾಕ್ಟೀರಿಯಾ, ಎರೆಹುಳುಗಳು ಉಣ್ಣುತ್ತವೆ. ಕಾಡಿನಲ್ಲಂತೂ ಗಿಡಮರಗಳ ಬೆಳವಣಿಗೆಯ ಬಹುಪಾಲು ಸೇರುವುದು ಈ ನೆಲದ ಪಂಕ್ತಿಗೇ.

ಖರ್ಚು ಎಲ್ಲರಿಗೂ ಒಂದೇ ಅಲ್ಲ. ಬಿಸಿರಕ್ತದ ಹಕ್ಕಿಗಳು, ಸಸ್ತನಿಗಳು ಮೈ ಬೆಚ್ಚಗಿಟ್ಟುಕೊಳ್ಳಲೇ ಬಹಳಷ್ಟನ್ನು ಉರಿಸಿಬಿಡುತ್ತವೆ. ಅರಗಿಸಿಕೊಂಡ ಶಕ್ತಿಯಲ್ಲಿ ಅವು ಮೈಗೆ ಸೇರಿಸಿಕೊಳ್ಳುವುದು ಶೇ. 1ರಿಂದ 3ರಷ್ಟು. ಗಿಡ ತಿನ್ನುವ ಕೀಟಗಳಲ್ಲಿ ಇದು ಶೇ. 40ರ ಹತ್ತಿರವೂ ಹೋಗಬಹುದು.

ಸರಪಳಿ ನಾಲ್ಕೈದು ಕೊಂಡಿಗಳಿಗೇ ನಿಲ್ಲುವುದಕ್ಕೆ ಈ ಸೋರಿಕೆ ಒಂದು ದೊಡ್ಡ ಕಾರಣ. ಹುಲಿ, ಹದ್ದುಗಳು ಸಾಮಾನ್ಯವಾಗಿ ಹಿಂಡುಗಟ್ಟಲೆ ಇರುವುದಿಲ್ಲ. ಅಷ್ಟು ಬಾಯಿಗೆ ಮೇಲಿನ ತನಕ ಶಕ್ತಿಯೇ ತಲುಪುವುದಿಲ್ಲ.

ಹಾಗಾದರೆ ಭೂಮಿಯ ಅತಿ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲಕ್ಕೆ ಹೊಟ್ಟೆ ತುಂಬುವುದು ಹೇಗೆ? ಅದು ದೊಡ್ಡ ಮೀನುಗಳ ಬೆನ್ನು ಹತ್ತುವುದಿಲ್ಲ. ಸಿಗಡಿಯಂಥ, ಬೆರಳಿಗಿಂತ ಚಿಕ್ಕ ಕ್ರಿಲ್‌ಗಳನ್ನು ಬಾಯ್ತುಂಬ ಸೋಸಿ ನುಂಗುತ್ತದೆ. ಆ ಕ್ರಿಲ್‌ಗಳ ಮುಖ್ಯ ಆಹಾರ ಸಮುದ್ರದ ಸೂಕ್ಷ್ಮ ಪಾಚಿ. ಪಾಚಿಯಿಂದ ತಿಮಿಂಗಿಲಕ್ಕೆ ಎರಡೇ ಬಾಣ, ಎರಡೂ ದಪ್ಪನೆಯವು.