ಸಡಿಲವಾಗುವುದು ಬೇರೆ, ತೆರೆಯುವುದು ಬೇರೆ

ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿ, ಮೂರ್ನಾಲ್ಕು ಸೆಂಟಿಮೀಟರಿನಷ್ಟು ಭಾಗ ಸದಾ ಬಿಗಿದುಕೊಂಡಿರುತ್ತದೆ. ಹೊಟ್ಟೆಯ ಆಮ್ಲ ಮೇಲಕ್ಕೆ ಬಾರದಂತೆ ತಡೆಯುವುದು ಈ ಬಿಗಿತವೇ. ನಾವು ನುಂಗಿದ ಒಂದೆರಡು ಸೆಕೆಂಡಿನಲ್ಲಿ, ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮೂಲಕ ಸಂದೇಶ ಬರುತ್ತದೆ. ಅಲ್ಲಿನ ನರತುದಿಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ, ಸ್ನಾಯು ಸಡಿಲವಾಗುತ್ತದೆ.

ಆದರೆ ಸ್ನಾಯು ಸಡಿಲವಾದ ಕೂಡಲೇ ದಾರಿ ತೆರೆದುಬಿಡುವುದಿಲ್ಲ. ಒತ್ತಡ ಇಳಿದ ಮೇಲೂ ಒಳಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರಬಹುದು. ಮೇಲಿನಿಂದ ತಳ್ಳಿಸಿಕೊಂಡು ಬಂದ ತುತ್ತು ಅಲ್ಲಿಗೆ ತಲುಪಿದಾಗಲೇ ಗೋಡೆಗಳು ಸರಿದು ಜಾಗ ಬಿಡುತ್ತವೆ. ದಶಕಗಳ ಕಾಲ ಅನ್ನನಾಳದ ಅಧ್ಯಯನ ಮುಖ್ಯವಾಗಿ ಒತ್ತಡ ಅಳೆಯುವ ಕೊಳವೆಗಳನ್ನೇ ನೆಚ್ಚಿತ್ತು. ಒತ್ತಡ ಎಷ್ಟಿದೆ ಎಂದು ಅವು ಹೇಳುತ್ತವೆ; ದಾರಿ ಎಷ್ಟು ಅಗಲವಾಯಿತು ಎಂದು ಹೇಳಲಾರವು. ಎಕ್ಸ್-ರೇಯಲ್ಲಿ ಎದ್ದುಕಾಣುವ ಬೇರಿಯಂ ದ್ರವ ಕುಡಿಸಿ ನೋಡಿದರೆ ಅಗಲ ಕಾಣುತ್ತದೆ, ಆದರೆ ಗೋಡೆಯ ಸ್ನಾಯು ಕಾಣುವುದಿಲ್ಲ. ಮೇಲಾಗಿ, ಗಂಟೆಗಟ್ಟಲೆ ಯಾರ ಮೇಲೂ ಎಕ್ಸ್-ರೇ ಹಾಯಿಸುವಂತಿಲ್ಲ.

ಅಲ್ಟ್ರಾಸೌಂಡಿಗೆ ಆ ತೊಡಕಿಲ್ಲ. ಎದೆಯ ಹೊರಗಿನಿಂದ ನೋಡಲು ಹೋದರೆ ಮೂಳೆ, ಗಾಳಿ ತುಂಬಿದ ಶ್ವಾಸಕೋಶ ಅಡ್ಡ ಬರುತ್ತವೆ. ಹಾಗಾಗಿ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯ ತುದಿಯಲ್ಲಿ, ಶಬ್ದತರಂಗ ಕಳಿಸಿ ಪ್ರತಿಧ್ವನಿ ಹಿಡಿಯುವ ಪುಟ್ಟ ಪ್ರೋಬ್ ಕೂರಿಸಿ ಅನ್ನನಾಳದೊಳಕ್ಕೇ ಇಳಿಸುತ್ತಾರೆ. ಹೃದಯದ ರಕ್ತನಾಳಗಳನ್ನು ಒಳಗಿನಿಂದ ನೋಡಲೂ ಇಂಥದ್ದೇ ಪ್ರೋಬ್ ಬಳಕೆಯಲ್ಲಿದೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 20 ಮೆಗಾಹರ್ಟ್ಸ್ ಕಂಪನವಿದ್ದರೆ ತರಂಗಾಂತರ 0.08 ಮಿಲಿಮೀಟರಿಗಿಂತ ಚಿಕ್ಕದು. ತರಂಗ ಚಿಕ್ಕದಾದಷ್ಟೂ ಸಣ್ಣ ವಿವರ ಕಾಣುತ್ತದೆ. ಅಷ್ಟು ಸೂಕ್ಷ್ಮ ತರಂಗ ಹೆಚ್ಚು ಆಳಕ್ಕೆ ಹೋಗದು, ನಿಜ. ಆದರೆ ನೋಡಬೇಕಾದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ! ಪರದೆಯ ಮೇಲೆ ಎರಡು ಕಪ್ಪು ಉಂಗುರಗಳು, ನಡುವೆ ಒಂದು ಬಿಳಿ ಗೆರೆ ಮೂಡುತ್ತವೆ. ಒಳಗಿನ ಉಂಗುರ ನಾಳವನ್ನು ಸುತ್ತುವರಿದ ವೃತ್ತಾಕಾರದ ಸ್ನಾಯು, ಹೊರಗಿನದು ನಾಳದುದ್ದಕ್ಕೂ ಹರಡಿದ ಉದ್ದಸ್ನಾಯು.

ಈ ಉದ್ದಸ್ನಾಯು ಬಹುಕಾಲ ಅವಗಣನೆಗೆ ಒಳಗಾಗಿತ್ತು. ಅದು ಕುಗ್ಗಿದರೆ ನಾಳ ಗಿಡ್ಡವಾಗುತ್ತದೆ, ಒತ್ತಡದ ಮಾಪಕಕ್ಕೆ ಅದು ನೇರವಾಗಿ ತಿಳಿಯುವುದೇ ಇಲ್ಲ. ಅಡ್ಡ ಸೀಳಿದಂತೆ ಕಾಣುವ ಚಿತ್ರದಲ್ಲಿ ಉದ್ದದ ಬದಲಾವಣೆಯನ್ನು ಅಳೆಯುವುದು ಹೇಗೆ? ಇಲ್ಲಿಯ ತರ್ಕ ನನಗೆ ಬಹಳ ಇಷ್ಟ. ಕುಗ್ಗಿದ ಎರೆಹುಳು ದಪ್ಪಗಾಗುವಂತೆ, ಸ್ನಾಯುವಿನ ಒಟ್ಟು ಘನಗಾತ್ರ ಬದಲಾಗದೆ ಉದ್ದ ಕಡಿಮೆಯಾದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಲೇಬೇಕು. ಉಂಗುರ ಎಷ್ಟು ದಪ್ಪವಾಯಿತೆಂದು ನೋಡಿದರೆ ನಾಳ ಎಷ್ಟು ಗಿಡ್ಡವಾಯಿತೆಂದು ಲೆಕ್ಕ ಹಾಕಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ರವೀಂದರ್ ಮಿತ್ತಲ್ ಮತ್ತು ಸಹೋದ್ಯೋಗಿಗಳು ಈ ವಿಧಾನದಿಂದ, ಆರೋಗ್ಯವಂತರು ನುಂಗುವಾಗ ಎರಡೂ ಪದರಗಳು ಹೊಂದಿಕೊಂಡು ಕುಗ್ಗುವುದನ್ನು ತೋರಿಸಿದರು. ಎದೆನೋವಿನ ಕೆಲವು ಪ್ರಸಂಗಗಳಲ್ಲಿ ಉದ್ದಸ್ನಾಯು ದೀರ್ಘಕಾಲ ಕುಗ್ಗಿಯೇ ಇದ್ದುದೂ ಅವರ ಚಿತ್ರಗಳಲ್ಲಿ ಸಿಕ್ಕಿತು.

ಇನ್ನೂ ಕುತೂಹಲದ ಸಂಗತಿ ತೇಗಿನದು. ಹೊಟ್ಟೆ ಉಬ್ಬಿದಾಗ, ಏನನ್ನೂ ನುಂಗದಿದ್ದರೂ ಕೆಳತುದಿ ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಸಡಿಲವಾಗುತ್ತದೆ. ಗಾಳಿ ಹೊರಬರುವುದು ಹೀಗೆ. ಆಮ್ಲ ಮೇಲೇರಿ ಎದೆಯುರಿ ತರುವುದೂ ಬಹುಪಾಲು ಇದೇ ಹೊತ್ತಿನಲ್ಲಿ. ಆಗ ಅನ್ನನಾಳದ ಕೆಳಭಾಗದ ಉದ್ದಸ್ನಾಯು ಬಲವಾಗಿ ಕುಗ್ಗುತ್ತದೆಂದು ಅಲ್ಟ್ರಾಸೌಂಡ್ ತೋರಿಸಿತು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅನ್ನನಾಳವನ್ನು ಮೇಲಕ್ಕೆ ಎಳೆದರೇ ಸಾಕು, ಕೆಳತುದಿ ಸಡಿಲವಾಗುತ್ತದೆ. ಹಾಗಾದರೆ ಉದ್ದಸ್ನಾಯುವಿನ ಎಳೆತ ಬಾಗಿಲು ತೆರೆಯುವ ಸಂಜ್ಞೆಗಳಲ್ಲಿ ಒಂದಾಗಿರಬಹುದು. ಎದೆಯುರಿಗೆ ಇಂದು ಹೆಚ್ಚಾಗಿ ಕೊಡುವ ಔಷಧಗಳು ಆಮ್ಲವನ್ನು ತಗ್ಗಿಸುತ್ತವೆಯೇ ಹೊರತು ಈ ತೆರೆಯುವಿಕೆಯನ್ನು ಮುಟ್ಟುವುದಿಲ್ಲ.