ಮಳೆ ನೋಡಿ ಗಿಡ ಆರಿಸಿ

'ನೋಡಿದವರು ನಿಂತು ನೋಡಬೇಕು, ಅಂಥ ಗಿಡ ಹೇಳಿ' ಎಂದು ಮೊಬೈಲಿನಲ್ಲಿ ಫೋಟೊ ತೋರಿಸುವವರು ಜಾಸ್ತಿ. ಫೋಟೊದಲ್ಲಿರುವುದು ಹೆಚ್ಚಾಗಿ ಪೆಟೂನಿಯಾ, ಇಲ್ಲವೇ ಊಟದ ತಟ್ಟೆಯಷ್ಟು ದೊಡ್ಡ ಡೇರೆ ಹೂ. ನಾನು ಮೊದಲು ಕೇಳುವುದು ಬೇರೆ. ಮನೆ ಎಲ್ಲಿ? ಭಾಗಮಂಡಲದ ಕಡೆಗೋ, ಕುಶಾಲನಗರದ ಕಡೆಗೋ? ಎರಡೂ ಕೊಡಗೇ, ಆದರೆ ಮಳೆ ಒಂದೇ ಅಲ್ಲ. ಕುಶಾಲನಗರದ ಅಂಗಳದಲ್ಲಿ ಜುಲೈಯಲ್ಲೂ ನಗುವ ಚೆಂಡುಹೂ, ಭಾಗಮಂಡಲದಲ್ಲಿ ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಕಳೆಯುವ ಮೊದಲೇ ಕೊಳೆತು ಮಲಗುತ್ತದೆ.

ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿ ಬಂದು ಅದೇ ಗಿಡ ಹುಡುಕುವವರಿಗೂ ಇದೇ ಮಾತು. ಅದು ನಡೆಯುವುದು ಸಾಮಾನ್ಯವಾಗಿ ಮಳೆ ಇಲ್ಲದ ಕಾಲದಲ್ಲಿ. ಅಲ್ಲಿ ಮಿಂಚುವ ಪೆಟೂನಿಯಾದ ಎಸಳು ನಮ್ಮ ಜೂನ್ ಮಳೆಗೆ ಒಂದು ದಿನವೂ ತಡೆಯುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ತೋಟದ ಮನೆಯಲ್ಲಿ ಕಾಫಿ ಕುಯ್ಲು. ಕಣದ ತುಂಬ ಕಾಫಿ, ಕೈಗೆ ಬಿಡುವಿಲ್ಲ. ಆಗ ದಿನಾ ನೀರು ಕೇಳುವ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟುಕೊಂಡರೆ ಅವನ್ನು ನೋಡುವವರಾರು? ಪೇಟೆ ಮನೆಯವರು ಇಟ್ಟುಕೊಳ್ಳಲಿ. ತೋಟದ ಮನೆಗೆ ಮಳೆಗಾಲದಲ್ಲಿ ಅರಳುವ ಗಿಡವೇ ಸರಿ.

ಹಾಗಾಗಿ ನನ್ನ ಮೊದಲ ಆಯ್ಕೆ ಡೇರೆ. ಆದರೆ ಫೋಟೊದ ಆ ದೊಡ್ಡ ಜಾತಿ ಅಲ್ಲ. ಅದರ ಎಸಳುಗಳ ನಡುವೆ ನೀರು ತುಂಬಿ, ಭಾರಕ್ಕೆ ಕತ್ತು ಮುರಿಯುತ್ತದೆ. ಎಸಳುಗಳು ಒತ್ತೊತ್ತಾಗಿ ಉಂಡೆ ಕಟ್ಟಿಕೊಂಡಿರುವ ಸಣ್ಣ ಜಾತಿಯ ಹೂವಿನಿಂದ ನೀರು ಜಾರಿ ಹೋಗುತ್ತದೆ. ಹೂ ಚಿಕ್ಕದು, ಆದರೆ ಗಿಡದ ತುಂಬ. ದೊಡ್ಡದೇ ಬೇಕೆಂದು ಹಟವಿದ್ದರೆ ಸೂರಿನ ಕೆಳಗೆ, ಬೆಳಕು ಬೀಳುವ ಕಡೆ ಕುಂಡದಲ್ಲಿ ಬೆಳೆಸಿ.

ಗಡ್ಡೆ ಕೊಳ್ಳುವಾಗ ಗಾತ್ರ ನೋಡಬೇಡಿ, ಕುತ್ತಿಗೆ ನೋಡಿ. ಹಳೆಯ ಕಾಂಡದ ಬುಡ ಗಡ್ಡೆಗೆ ಅಂಟಿಕೊಂಡಿರಬೇಕು. ಕಣ್ಣು ಒಡೆಯುವುದು ಅಲ್ಲಿಂದಲೇ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಏಪ್ರಿಲ್-ಮೇನಲ್ಲಿ ನೆಟ್ಟರೆ ಜೋರು ಮಳೆ ಹಿಡಿಯುವಷ್ಟರಲ್ಲಿ ಬೇರು ಗಟ್ಟಿಯಾಗುತ್ತದೆ. ಊರೆಗೋಲನ್ನು ನೆಡುವ ದಿನವೇ ಹುಗಿಯಿರಿ. ಆಮೇಲೆ ಚುಚ್ಚಿದರೆ ಗಡ್ಡೆಗೆ ಗಾಯವಾಗಿ ಕೊಳೆಯುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಮಳೆ ನಿಂತು ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ಒಣ ಮರಳಿನಲ್ಲಿ ಮುಚ್ಚಿಟ್ಟರೆ ಮುಂದಿನ ವರ್ಷಕ್ಕಾಯಿತು.

ಬಣ್ಣ ಬಣ್ಣದ್ದು ಒಂದೊಂದೇ ಗಿಡ ತರುವ ಅಭ್ಯಾಸ ಬಿಡಿ. ಒಂದೇ ಬಣ್ಣದ ಏಳೆಂಟು ಗಿಡ ಒಟ್ಟಿಗೆ ನಿಂತರೆ ಗೇಟಿನಿಂದಲೇ ಕಾಣುತ್ತದೆ.

ಎರಡನೆಯದು ಹೈಡ್ರೇಂಜಿಯಾ. ಬೇರೆ ಊರಿನವರು ಇದನ್ನು ನೀಲಿ ಮಾಡಲು ಮಣ್ಣಿಗೆ ಏನೇನೋ ಹಾಕುತ್ತಾರೆ. ನಮಗೆ ಆ ಕಷ್ಟ ಕಡಿಮೆ. ಕೊಡಗಿನ ಮಣ್ಣು ಹೆಚ್ಚಿನ ಕಡೆ ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಅದರಿಂದ ಹೂವಿಗೆ ನೀಲಿ ಬರುತ್ತದೆ. ಮಣ್ಣಿನ ಪಿಎಚ್ (ಹುಳಿ ಅಳೆಯುವ ಅಂಕಿ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿದ್ದರೆ ಒಳ್ಳೆಯ ನೀಲಿ, 6.5 ದಾಟಿದರೆ ಗುಲಾಬಿ. ಸುಣ್ಣ ಬಳಿದ ಗೋಡೆಯ ಪಕ್ಕದ ಗಿಡ ಗುಲಾಬಿಗೆ ತಿರುಗಿದರೆ ಗಾಬರಿ ಬೇಡ, ಗೋಡೆಯ ಸುಣ್ಣ ಇಳಿದಿದೆ ಅಷ್ಟೆ. ಬಿಳಿ ಜಾತಿ ಮಾತ್ರ ನೀಲಿಯಾಗುವುದಿಲ್ಲ. ಹೂ ಮುಗಿದ ಕೂಡಲೇ ಸವರಿ. ಜನವರಿಯಲ್ಲಿ ಸವರಿದರೆ ಆಗಲೇ ಕೂತಿರುವ ಮೊಗ್ಗೂ ಕತ್ತರಿಗೆ ಹೋಗುತ್ತದೆ. 'ನಮ್ಮ ಗಿಡ ಹೂವೇ ಬಿಡಲ್ಲ' ಎನ್ನುವ ಎಷ್ಟೋ ದೂರುಗಳಿಗೆ ಕಾರಣ ಇದೇ.

ತರಕಾರಿ ಪಾತಿಗೆ ಮಾತ್ರ ಈ ಹುಳಿ ಒಳ್ಳೆಯದಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಕೃಷಿ ಸುಣ್ಣವನ್ನು ನಾಟಿಗೆ ಕೆಲವು ವಾರ ಮೊದಲೇ ಬೆರೆಸಬೇಕು. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿ ಕೇಳಿ. ಸುಮ್ನೆ ಅಂದಾಜಿಗೆ ಸುರಿಯಬೇಡಿ.

ಎಲ್ಲರಿಗೂ ಬೇಕಾದದ್ದು ಟೊಮೆಟೊ, ಎಲ್ಲರನ್ನೂ ಅಳಿಸುವುದೂ ಅದೇ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಮಧ್ಯಾಹ್ನ ಬಾಡಿ ನಿಂತಿದೆ, ಎಲೆ ಹಳದಿಯೂ ಆಗಿಲ್ಲ ಎಂದರೆ ಅದು ಸೊರಗು ರೋಗ ಇರಬಹುದು. ಕಾಂಡದ ಬುಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಬಿಡಿ. ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಔಷಧಿಗೆ ದುಡ್ಡು ಸುರಿಯಬೇಡಿ, ಗಿಡ ಉಳಿಯುವುದಿಲ್ಲ. ಆ ಪಾತಿಗೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನೂ ಹಾಕದೆ ಬೀನ್ಸ್ ಅಥವಾ ಜೋಳ ಹಾಕಿ. ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಏರುಮಡಿಯಲ್ಲಿ ನೆಡುವುದು ಕ್ಷೇಮ. ತಳಿ ಎಂದರೆ ಅರ್ಕಾ ರಕ್ಷಕ್. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ಎಲೆ ಮುದುಡು ನಂಜು, ಸೊರಗು ರೋಗ, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್), ಮೂರನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಅದು ಹೈಬ್ರಿಡ್, ಅದರ ಹಣ್ಣಿನಿಂದ ಬೀಜ ಎತ್ತಿಟ್ಟುಕೊಂಡರೆ ಮುಂದಿನ ಗಿಡ ಅದೇ ಗುಣದ್ದಾಗುವುದಿಲ್ಲ. ಸುಂಡೆ ಗಿಡದ ಬುಡಕ್ಕೆ ಕಸಿ ಕಟ್ಟಿದ ಬದನೆ ಸಸಿ ಸಿಕ್ಕರೆ ಬೆಲೆ ಜಾಸ್ತಿಯಾದರೂ ಬಿಡಬೇಡಿ. ಸುಂಡೆಯ ಬೇರು ಸೊರಗು ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಕಷ್ಟವೇ ಬೇಡ ಎನ್ನುವವರಿಗೆ ಸೀಮೆಬದನೆ. ಬೀಜ ಬಿಡಿಸುವ ಕೆಲಸವಿಲ್ಲ, ಮೊಳಕೆ ಇಣುಕಿದ ಇಡೀ ಕಾಯಿಯನ್ನೇ ಅರ್ಧ ಹೂತರೆ ಸಾಕು. ಚಪ್ಪರ ಗಟ್ಟಿಯಿರಲಿ. ಚಪ್ಪರಕ್ಕೆ ಇನ್ನೂ ಅಂದವಾದದ್ದು ಬೇಕೆಂದರೆ ಕೆಂಪು ಬಸಳೆ. ಗಾಂಧಾರಿ ಮೆಣಸಂತೂ ಹೂಗಿಡಗಳ ಸಾಲಿನಲ್ಲೇ ನಿಲ್ಲಬಲ್ಲದು. ಕಾಯಿಗಳು ಆಕಾಶ ನೋಡುತ್ತಾ ನಿಲ್ಲುತ್ತವೆ, ಗಿಡ ವರ್ಷಗಟ್ಟಲೆ ಬದುಕುತ್ತದೆ.

ಬಿಸಿಲೇ ಬೀಳದ ಹಿತ್ತಲ ಮೂಲೆಗೆ ಏನು ಎಂದು ಕೇಳಿದರೆ ನನ್ನ ಉತ್ತರ ಮದ್ದುಸೊಪ್ಪು. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಪಾಯಸಕ್ಕೆ ಎಲ್ಲರೂ ಹುಡುಕುವ ಸೊಪ್ಪು ಇದು. ಕಡ್ಡಿ ಊರಿದರೆ ಬೇರು ಬಿಡುತ್ತದೆ. ಎಲೆ ಬೇಯಿಸಿದಾಗ ಬರುವ ಆ ಕಡು ನೇರಳೆ ಬಣ್ಣ ಯಾವ ಹೂವಿಗೆ ಕಡಿಮೆ ಹೇಳಿ?

ಕೊಡವರ ಆಯುಧಪೂಜೆ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್‌ಪೂವನ್ನೂ (ಅಗ್ನಿಶಿಖೆ) ಬೇಲಿಗೆ ಹಬ್ಬಿಸಬಹುದು. ಸೆಪ್ಟೆಂಬರ್ 3ರ ಹಬ್ಬದ ಸಮಯಕ್ಕೆ ಸರಿಯಾಗಿ ಬೆಂಕಿ ಬಣ್ಣದಲ್ಲಿ ಅರಳುತ್ತದೆ. ಆದರೆ ಅದರ ಗಡ್ಡೆ ಕಡು ವಿಷ. ಮಕ್ಕಳಿರುವ ಮನೆಯಲ್ಲಿ, ಅದರಲ್ಲೂ ಗೆಣಸಿನ ಪಾತಿಯ ಹತ್ತಿರ, ನಾನು ನೆಡಲು ಹೇಳುವುದಿಲ್ಲ.

ಕೊನೆಗೆ ಬಸವನಹುಳು. ಡೇರೆಯ ಎಳೆ ಚಿಗುರು, ಚೆಂಡುಹೂ ಸಸಿ ಎಂದರೆ ಅವಕ್ಕೆ ಪ್ರಾಣ. ಸಂಜೆ ಒದ್ದೆ ಗೋಣಿಚೀಲವನ್ನು ಪಾತಿಯ ಪಕ್ಕ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಎತ್ತಿ ನೋಡಿದರೆ ಗುಂಪಾಗಿ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ, ಬಕೆಟ್‌ನ ಉಪ್ಪುನೀರಿಗೆ ಹಾಕಿ. ಆ ನೀರನ್ನು ಮಾತ್ರ ಪಾತಿಯ ಹತ್ತಿರ ಚೆಲ್ಲಬೇಡಿ.